ಗೇಟಿನಾಚೆಯ ಮಳಿಗೆಯ ಬೋಣಿ

ಅರಸೀಕೆರೆಯಲ್ಲಿ ರೈಲ್ವೆ ಗೇಟು ದಾಟಿದ ಮೇಲೆ ಬಲಗಡೆಗೆ ಒಂದು ಉದ್ದನೆಯ ಹೆಂಚಿನ ಕಟ್ಟಡವಿತ್ತು. ಊರಿನವರು ಅದನ್ನು ಹೊಸ ಮಳಿಗೆ ಎನ್ನುತ್ತಿದ್ದರು. ಹೆಂಚು ಒಡೆದು, ಗೋಡೆಯ ಸುಣ್ಣ ಉದುರಿ, ಒಳಗೆ ಇಲಿಗಳು ಸಂಸಾರ ಹೂಡಿದ ಮೇಲೂ ಅದು ಹೊಸ ಮಳಿಗೆಯೇ. ನನ್ನ ಸಂಸಾರದ ಮೊದಲ ವರ್ಷಗಳೆಲ್ಲ ಕಳೆದದ್ದು ಅದರ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಕೋಣೆಯ ಮನೆಯಲ್ಲಿ. ಆ ಕಟ್ಟಡದ ಮೇಲೆ ನನಗೆ ಈಗಲೂ ಸಿಟ್ಟಿದೆ. ಕಲ್ಲು ಗಾರೆಯ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮನುಷ್ಯರ ಮೇಲೆ ಮಾಡಿಕೊಳ್ಳೋಣವೆಂದರೆ ಅಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ.

ಕಟ್ಟಿಸಿದವರು ಕೊಬ್ಬರಿ ವ್ಯಾಪಾರದ ಒಬ್ಬ ಸಾಹುಕಾರರು. ಸರಕು ಕಳಿಸುವ ಸಂಬಂಧ ಒಮ್ಮೆ ಮುಂಬಯಿಗೆ ಹೋದವರು ಅಲ್ಲಿ ಒಂದೇ ಸೂರಿನ ಕೆಳಗೆ ಬಟ್ಟೆ, ಪಾತ್ರೆ, ಬಳೆ, ಆಟದ ಸಾಮಾನು ಎಲ್ಲ ಮಾರುವ ದೊಡ್ಡ ಕಟ್ಟಡ ನೋಡಿ ಬಂದರಂತೆ. ಬಂದ ಮೇಲೆ ನಮ್ಮ ಪೇಟೆ ಅವರ ಕಣ್ಣಿಗೆ ಹಿಡಿಸಲಿಲ್ಲ. ಪೇಟೆಯ ಬೀದಿ ಇಕ್ಕಟ್ಟು. ಎದುರುಬದುರು ಎರಡು ಗಾಡಿ ಬಂದರೆ ಯಾವುದಾದರೂ ಒಂದು ಎತ್ತು ಯಾರದೋ ಅಂಗಡಿಯ ಜಗಲಿಗೆ ಮೂತಿ ಇಡುತ್ತಿತ್ತು. ಗೇಟಿನಾಚೆ ಆಗಷ್ಟೇ ಬಡಾವಣೆಗೆಂದು ಸೈಟುಗಳ ಗುರುತು ಹಾಕಿದ್ದರು. ಊರು ಇನ್ನು ಬೆಳೆಯುವುದು ಇತ್ತಲೇ ಎಂದು ಸಾಹುಕಾರರು ಕಂಡಕಂಡವರಿಗೆ ಹೇಳಿ ಅಲ್ಲಿಯೇ ಪಾಯ ತೋಡಿಸಿದರು. ಎರಡೂ ಕಡೆ ಅಂಗಡಿ ಸಾಲು, ನಡುವೆ ಕೆಂಪು ಗಾರೆಯ ಉದ್ದನೆಯ ಪಡಸಾಲೆ, ಕೂರಲು ಕಲ್ಲುಬೆಂಚು, ಪ್ರತಿ ಅಂಗಡಿಗೂ ಗಾಜಿನ ಬೀರು, ಮೇಲೆ ಟ್ಯೂಬ್‌ಲೈಟು. ಅಂಗಡಿಯ ಹಿಂಬಾಗಿಲು ತೆರೆದರೆ ಅಂಗಡಿಯವನ ಮನೆ. ಬಿಸಿಲು ಮಳೆ ತಾಗದ ಹಾಗೆ ಹೆಂಗಸರು ಓಡಾಡಿಕೊಂಡು ವ್ಯಾಪಾರ ಮಾಡಬಹುದು ಎಂಬುದು ಅವರ ದೊಡ್ಡ ಹೆಮ್ಮೆಯಾಗಿತ್ತು.

ನಮ್ಮ ಯಜಮಾನರು ಬೇಲೂರಿನವರು. ಅಲ್ಲಿ ದೇವಸ್ಥಾನದ ಬೀದಿಯ ಹತ್ತಿರ ಮಾವನವರ ಕಾಲದ ಜವಳಿ ಅಂಗಡಿ. ಮಾವನವರು ತೀರಿಕೊಂಡ ಮೇಲೆ ಗಾದಿಯ ಮೇಲೆ ಕೂತವರು ಹಿರಿಯ ಮಗ, ಅಂದರೆ ನನ್ನ ಭಾವ. ಇವರು ನಿಂತು ಬಟ್ಟೆ ಅಳೆಯುವವರು. ಮೀಸೆ ಬಂದರೂ ಮದುವೆಯಾದರೂ ಭಾವನಿಗೆ ತಮ್ಮ ಇನ್ನೂ ಹುಡುಗನೇ. ಗಿರಾಕಿಗಳ ಎದುರಿಗೇ, ಕೈಯಲ್ಲಿ ಜೀವ ಇಲ್ಲವೇನೋ, ಬೇಗ ಮಡಚು ಎಂದುಬಿಡುವರು. ಕೆಟ್ಟ ಮನಸ್ಸಿನವರಲ್ಲ, ನಾಲಿಗೆ ಹಾಗೆ. ಇವರು ಊಟಕ್ಕೆ ಬಂದಾಗ ಕಿವಿ ಕೆಂಪಗಿದ್ದರೆ ಅಂಗಡಿಯಲ್ಲಿ ಏನೋ ಆಗಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಹೊಸ ಮಳಿಗೆಯ ಸುದ್ದಿ ಬೇಲೂರಿಗೆ ಬಂದಾಗ ಇವರು ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮುಂದೆ ಬಾಯಿ ಬಿಟ್ಟು ಕೇಳಿದರು. ತನ್ನ ಪಾಲಿನ ಸರಕು ಕೊಟ್ಟರೆ ಅರಸೀಕೆರೆಯಲ್ಲಿ ಅಂಗಡಿ ಹಾಕಿಕೊಂಡು ಕೂರುತ್ತೇನೆ ಎಂದರು. ಭಾವ ಬೇಡವೆನ್ನಲಿಲ್ಲ, ನಡೆಯದಿದ್ದರೆ ಬಾಗಿಲು ತೆರೆದೇ ಇರುತ್ತದೆ ಎಂದರು. ಆ ತೆರೆದ ಬಾಗಿಲು ಇವರ ಬೆನ್ನಿಗೆ ಅಂದಿನಿಂದ ಅಂಟಿಕೊಂಡಿತು.

ಹೊಸ ಪೈಸೆ ಬಂದು ಜನ ಇನ್ನೂ ಆಣೆಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ ಅದು. ನಾವು ಬಂದ ಹೊಸದರಲ್ಲಿ ಮಳಿಗೆ ತುಂಬಿ ತುಳುಕುತ್ತಿತ್ತು. ಬೇಲೂರು, ಹಳೇಬೀಡು, ಜಾವಗಲ್ಲಿನ ಕಡೆಯ ಬಸ್ಸುಗಳು ಮಳಿಗೆಯ ಮುಂದಿನ ಬಯಲಿನಲ್ಲಿಯೇ ನಿಲ್ಲುತ್ತಿದ್ದವು. ಬಸ್ಸು ಇಳಿದವರು ಮೊದಲು ಪಡಸಾಲೆಯಲ್ಲಿ ಕಾಲು ಚಾಚಿ, ಸಾಹುಕಾರರು ಇಡಿಸಿದ್ದ ರೇಡಿಯೋ ಕೇಳಿ, ಆಮೇಲೆ ಊರೊಳಗೆ ಹೋಗುತ್ತಿದ್ದರು. ರೈಲ್ವೆ ಕ್ವಾರ್ಟರ್ಸಿನ ಹೆಂಗಸರು ಸಂಜೆಯ ಹೊತ್ತು ಸುಮ್ಮನೆ ಬೆಳಕು ನೋಡಲೆಂದೇ ಬಂದು ಏನಾದರೂ ಕೊಂಡು ಹೋಗುತ್ತಿದ್ದರು. ಇವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಬಿಳಿ ಹಾಸಿನ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಹಿಂಬಾಗಿಲಿನ ಪರದೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಬೇಲೂರಿನಲ್ಲಿ ಬಗ್ಗಿಯೇ ಇರುತ್ತಿದ್ದ ಬೆನ್ನು ಇಲ್ಲಿ ನೆಟ್ಟಗಾಗಿತ್ತು. ಆ ಬೆನ್ನು ನೋಡಲೆಂದೇ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದೆ, ಅದನ್ನು ಹೇಳಿಕೊಳ್ಳಲು ಈಗೇನು ನಾಚಿಕೆ.

ಬೋಣಿಯ ವಿಷಯ ಇಲ್ಲಿ ಹೇಳಬೇಕು. ದಿನದ ಮೊದಲ ವ್ಯಾಪಾರ ಬೋಣಿ. ಅದರ ಕಾಸನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುವುದು ಎಲ್ಲ ಅಂಗಡಿಯಲ್ಲಿಯೂ ಉಂಟು. ಮಾವನವರು ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದರು. ತಮಗೆ ಬೋಣಿಯಾಗಿ, ಪಕ್ಕದ ಅಂಗಡಿಗೆ ಇನ್ನೂ ಆಗಿಲ್ಲದಿದ್ದರೆ ಮುಂದಿನ ಗಿರಾಕಿಯನ್ನು ಅಲ್ಲಿಗೆ ಕಳಿಸುವುದು. ಭಾವ ಅದನ್ನು ಯಾವತ್ತೋ ಬಿಟ್ಟಿದ್ದರು. ಇವರು ಅಪ್ಪನಿಂದ ಸರಕಿನ ಜೊತೆ ಅದನ್ನೂ ಪಾಲು ತಂದಂತೆ ಹೊಸ ಮಳಿಗೆಗೆ ತಂದರು. ನಮ್ಮ ಪಕ್ಕದ್ದೂ ಜವಳಿ ಅಂಗಡಿಯೇ. ಅದರ ಯಜಮಾನರಿಗೆ ಈ ಪದ್ಧತಿ ಬಹಳ ಹಿಡಿಸಿತು, ಅವರೂ ಹಾಗೆಯೇ ಮಾಡತೊಡಗಿದರು. ಗಿರಾಕಿಗಳು ಬೆರಗಾಗಿ, ಇಂಥ ಅಂಗಡಿಯವರನ್ನು ಎಲ್ಲೂ ಕಾಣಲಿಲ್ಲ ಎಂದು ಹೊಗಳುತ್ತಿದ್ದರು. ತುಂಬಿದ ಕಾಲದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇಳಿತ ಯಾವಾಗ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾರೆ. ಮೊದಲು ಬಸ್ಸುಗಳು ಸ್ಟೇಷನ್ನಿನ ಕಡೆ ನಿಲ್ಲತೊಡಗಿದವು. ಪ್ರಯಾಣಿಕರಿಗೆ ಅದೇ ಅನುಕೂಲ, ತಪ್ಪೆನ್ನುವ ಹಾಗಿಲ್ಲ. ಪೇಟೆಯಿಂದ ನಮ್ಮ ಕಡೆಗೆ ಬರಬೇಕೆಂದರೆ ಗೇಟು. ಅರಸೀಕೆರೆ ಜಂಕ್ಷನ್ನು, ಗೂಡ್ಸು ಬಂತೆಂದರೆ ಹಿಂದೆ ಮುಂದೆ ಆಡಿಸಿ, ನಿಲ್ಲಿಸಿ, ಯಾವಾಗ ಗೇಟು ತೆಗೆಯುತ್ತಾರೋ ಶಿವನಿಗೇ ಗೊತ್ತು. ಬಿಸಿಲಿನಲ್ಲಿ ನಿಂತು ನಿಂತು ಬೇಸತ್ತವರು ಹಿಂದಕ್ಕೆ ಹೋಗಿಬಿಡುತ್ತಿದ್ದರು. ಬಡಾವಣೆಯ ಸೈಟುಗಳಲ್ಲಿ ಮನೆ ಏಳಲಿಲ್ಲ, ಗುರುತಿನ ಕಲ್ಲುಗಳ ಮೇಲೆ ದನ ಮೈ ಉಜ್ಜಿಕೊಳ್ಳುತ್ತಿದ್ದವು. ಊರು ಇನ್ನೊಂದು ಕಡೆಗೆ ಬೆಳೆಯಿತು. ಅಷ್ಟರಲ್ಲಿ ಸಾಹುಕಾರರು ಕಾಲವಾದರು. ಪಾತ್ರೆ ಅಂಗಡಿಯವರು ಪೇಟೆಗೆ ಹೋದರು, ಬಳೆಯವರು ಸಂತೆಗಳಿಗೆ ಹೊರಟರು. ಖಾಲಿಯಾದ ಅಂಗಡಿಗಳಲ್ಲಿ ಸಾಹುಕಾರರ ಮಕ್ಕಳು ಕೊಬ್ಬರಿ ಮೂಟೆ ತುಂಬಿಸಿದರು. ಗಾಜಿನ ಬೀರುಗಳಿಗೆ ಆನಿಕೊಂಡು ಗೋಣಿಚೀಲ. ನಮ್ಮ ರೇಷ್ಮೆ ಸೀರೆಗಳಿಗೂ ಕಮಟು ಎಣ್ಣೆಯ ವಾಸನೆ ಹತ್ತಿತು, ಎಷ್ಟು ಊದಿನಕಡ್ಡಿ ಹಚ್ಚಿದರೂ ಹೋಗಲಿಲ್ಲ.

ಕಡೆಗೆ ಉಳಿದ ಜವಳಿ ಅಂಗಡಿಗಳು ಎರಡೇ, ನಮ್ಮದು ಮತ್ತು ಪಕ್ಕದವರದು. ಬೋಣಿಯಾಗದೆ ಇವರು ಊಟಕ್ಕೆ ಏಳುತ್ತಿರಲಿಲ್ಲ. ಮೊದಲು ಅದೊಂದು ಮಾತೇ ಆಗಿರಲಿಲ್ಲ, ಬಾಗಿಲು ತೆಗೆಯುತ್ತಲೇ ಬೋಣಿಯಾಗುತ್ತಿತ್ತು. ಈಗ ಮಧ್ಯಾಹ್ನ ಕಳೆದರೂ ಆಗದು. ಮುದ್ದೆ ತಣ್ಣಗಾಗಿ ಕಲ್ಲಾಗುತ್ತಿತ್ತು. ಎದ್ದು ಬನ್ನಿ ಎಂದು ಪರದೆಯ ಹಿಂದಿನಿಂದ ಕರೆದರೆ ಇವರು ತಿರುಗಿಯೂ ನೋಡದೆ ಕೈ ಆಡಿಸುವರು. ಪಕ್ಕದವರಲ್ಲಿಯೂ ಅದೇ ಕಥೆ. ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಹಸಿದುಕೊಂಡು ಬೀದಿ ನೋಡುತ್ತಾ ಕೂತಿರುವುದು. ಬೈಯೋಣವೆಂದರೆ ಯಾರನ್ನು ಬೈಯುವುದು? ನಾನು ಪಾತ್ರೆಗಳನ್ನು ಕುಕ್ಕಿ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಉಪಾಯ ಹೇಳಿದವಳು ಪಕ್ಕದ ಅಂಗಡಿಯವರ ಹೆಂಡತಿ. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಹಿತ್ತಲಿನ ಬಾವಿಯ ಹತ್ತಿರ ನೀರು ಸೇದುತ್ತಾ ಹೇಳಿದಳು. ನಮ್ಮ ಎರಡೂ ಮನೆಗೆ ಹೂವು ಕೊಡುವ ಮುದುಕಿ ಇದ್ದಳಲ್ಲ, ಅವಳ ಕೈಯಲ್ಲಿ ಬೆಳಿಗ್ಗೆಯೇ ಒಂದು ಟವಲು ಕೊಳ್ಳಿಸುವುದು. ಅಕ್ಕ ನಮ್ಮ ಅಂಗಡಿಗೆ ಕಳಿಸಬೇಕು, ನಾನು ಅವರ ಅಂಗಡಿಗೆ. ನಮ್ಮ ನಮ್ಮ ಅಂಗಡಿಗೆ ನಾವೇ ಕಳಿಸಿದರೆ ಅದು ಬೋಣಿಯಲ್ಲ, ಮನೆಯ ಕಾಸು ಮನೆಗೇ ಬಂದಂತೆ. ಒಂದೇ ದಿನ ಎರಡೂ ಕಡೆ ಹೋದರೆ ಅನುಮಾನ ಬರುತ್ತದೆ, ಆದ್ದರಿಂದ ಒಂದು ದಿನ ಅವರಲ್ಲಿ, ಮಾರನೆಯ ದಿನ ನಮ್ಮಲ್ಲಿ. ಹೀಗೆ ನಡೆಯಿತು. ನಮ್ಮ ಸರದಿಯ ದಿನ ಇವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತಿದ್ದರು, ಬೋಣಿಯಾಯಿತು ಕಣೇ ಎಂದು ಕೈ ತೊಳೆಯುತ್ತಾ ಹೇಳುತ್ತಿದ್ದರು. ನಾನು ಹೌದೇ ಎನ್ನುತ್ತಿದ್ದೆ. ಮುದುಕಿ ಹಿತ್ತಲಿನಿಂದ ತಂದುಕೊಟ್ಟ ಪಕ್ಕದಂಗಡಿಯ ಟವಲುಗಳು ನಮ್ಮ ಮನೆಯ ರಾಗಿ ಪೆಟ್ಟಿಗೆಯ ಹಿಂದೆ ಬೆಳೆಯುತ್ತಾ ಹೋದವು. ಹೂವು ಮಾರುವ ಒಂಟಿ ಮುದುಕಿ ಇಷ್ಟೊಂದು ಟವಲು ಕೊಂಡು ಏನು ಮಾಡುತ್ತಾಳೆ ಎಂದು ಆ ಎರಡು ಅಂಗಡಿಗಳಲ್ಲಿ ಯಾರೂ ಕೇಳಲಿಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲ ಕೊಡುವ ನೆಪ ಮಾಡಿಕೊಂಡು ಭಾವ ಬಂದರು. ಪಡಸಾಲೆಯಲ್ಲಿ ಒಮ್ಮೆ ಆ ತುದಿಯಿಂದ ಈ ತುದಿಗೆ ನಡೆದು ಕೊಬ್ಬರಿ ಮೂಟೆಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯುಗಾದಿಯವರೆಗೆ ನೋಡು, ಅಷ್ಟರಲ್ಲಿ ಒಂದಾದರೂ ಮದುವೆ ಜವಳಿ ಕೈಗೆ ಬಂದರೆ ಅಂಗಡಿ ಉಸಿರು ಹಿಡಿಯುತ್ತದೆ, ಇಲ್ಲವಾದರೆ ಸರಕು ಹೊತ್ತುಕೊಂಡು ಬೇಲೂರಿಗೆ ಬಾ, ಮೊದಲಿನಂತೆಯೇ ಇರೋಣ ಎಂದರು. ಮೊದಲಿನಂತೆಯೇ ಎಂದರೆ ಹೇಗೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವತ್ತು ಇವರ ಕಿವಿ ಕೆಂಪಗಾಗಿತ್ತು.

ಮದುವೆ ಜವಳಿ ಎಂದರೆ ಆಗ ಸಣ್ಣ ಮಾತಲ್ಲ. ಧಾರೆ ಸೀರೆಯಿಂದ ಹಿಡಿದು ಬೀಗರ ಪಂಚೆ, ಸೋದರಮಾವನ ಶಲ್ಯ, ಮನೆಗೆಲಸದವರ ಸೀರೆಯವರೆಗೆ ಎಲ್ಲವನ್ನೂ ಒಂದೇ ಸಲ ಕೂತು ಕೊಳ್ಳುವುದು. ಮಾಘದಲ್ಲಿ ಇವರು ದಿನವೂ ಬೀರುವಿನ ಗಾಜು ಒರೆಸುತ್ತಿದ್ದರು. ಪಾಲಿಗೆ ಬಂದ ಒಳ್ಳೆಯ ಸೀರೆಗಳನ್ನೆಲ್ಲ ಆ ಒಂದು ದಿನಕ್ಕೆಂದು ಬಿಸಿಲಿಗೆ ಹಾಕಿ, ವಾಸನೆ ಕಳೆದು, ಮಡಚಿ ಇಟ್ಟಿದ್ದರು.

ಒಂದು ಬೆಳಿಗ್ಗೆ ಜಾವಗಲ್ಲಿನ ಕಡೆಯಿಂದ ಗಾಡಿಗಳು ಬಂದವು. ಗಾಡಿ ಬರುವ ಹೊತ್ತಿಗೆ ಗೇಟು ತೆರೆದಿತ್ತೋ, ಅವರು ಈಚೆಯ ದಾರಿಯಲ್ಲಿಯೇ ಬಂದರೋ, ನೆನಪಿಲ್ಲ. ತೆಂಗಿನ ತೋಟದವರು, ಅನುಕೂಲಸ್ಥರು. ಹೆಂಗಸರು ಮಕ್ಕಳು ಎಲ್ಲ ಇಳಿದರು. ಮುಂದೆ ಬಂದ ರುಮಾಲಿನ ಹಿರಿಯರು ಪಕ್ಕದವರನ್ನು ದಾಟಿಕೊಂಡು ನೇರ ನಮ್ಮ ಬಾಗಿಲಿಗೆ ಬಂದು, ಬೇಲೂರಿನವರ ಅಂಗಡಿ ಇದೇ ಏನು ಎಂದು ಕೇಳಿದರು. ಅವರ ಮದುವೆಯ ಪಂಚೆ ನಮ್ಮ ಮಾವನವರ ಕೈಯಿಂದಲೇ ಹೋದದ್ದಂತೆ. ಮಗ ಇಲ್ಲಿದ್ದಾನೆಂದು ಕೇಳಿ ಹುಡುಕಿಕೊಂಡು ಬಂದಿದ್ದರು. ಪರದೆಯ ಹಿಂದೆ ನಿಂತಿದ್ದ ನಾನು ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಆಗ ನೆನಪಾಯಿತು, ಅವತ್ತು ನಮ್ಮ ಸರದಿ. ಸ್ವಲ್ಪ ಮುಂಚೆ ಹೂವಿನ ಮುದುಕಿ ಬಂದು ಅಕ್ಕ ಕೊಟ್ಟ ಕಾಸಿನಲ್ಲಿ ಟವಲು ಕೊಂಡು ಹೋಗಿದ್ದಳು. ಇವರು ಆ ಕಾಸನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಪಕ್ಕದವರಿಗೆ ಬೋಣಿಯಾಗಿರಲಿಲ್ಲ.

ಇವರು ಗಾದಿಯಿಂದ ಎದ್ದರು. ಕೈ ಮುಗಿದರು.

"ಯಜಮಾನ್ರೇ, ನಂಗೆ ಬೋಣಿ ಆಗೈತೆ. ಪಕ್ಕದೋರಿಗೆ ಇನ್ನೂ ಆಗಿಲ್ಲ. ಅಲ್ಲಿ ಒಂದು ಬಟ್ಟೆ ತಗೊಂಡು ಬನ್ನಿ, ಮಿಕ್ಕಿದ್ದೆಲ್ಲ ಇಲ್ಲಿ ಕೂತ್ಕೊಂಡು ನೋಡೋಣ."

ನಾನು ಪರದೆ ಹಿಡಿದುಕೊಂಡು ನಿಂತಿದ್ದೆ. ಒಂದು ಮಾತು ಸಾಕಿತ್ತು. ಅದು ಬೋಣಿಯಲ್ಲ, ನಾವು ಹೆಂಗಸರು ಮಾಡಿದ ಆಟ ಎಂದು ಹೇಳಬಹುದಿತ್ತು. ಹೇಳಿದರೆ ಇಷ್ಟು ದಿನ ಇವರು ಕಣ್ಣಿಗೊತ್ತಿಕೊಂಡ ಕಾಸೆಲ್ಲ ಪಕ್ಕದವಳ ಅಡುಗೆಮನೆಯ ಡಬ್ಬಿಯದು ಎಂದು ಬೀದಿಯ ಜನರ ಮುಂದೆ ಹೇಳಿದಂತೆ. ಆ ನೆಟ್ಟಗಿನ ಬೆನ್ನನ್ನು ನನ್ನ ಕೈಯಾರೆ ಮುರಿಯಬೇಕು. ಹಿರಿಯರು ಸಂತೋಷದಿಂದ ತಲೆ ಆಡಿಸಿ, ಅಪ್ಪನ ಮಗನೇ ನೀನು ಎಂದು ಇವರ ಭುಜ ತಟ್ಟಿ, ಮಂದಿಯನ್ನೆಲ್ಲ ಕರೆದುಕೊಂಡು ಪಕ್ಕಕ್ಕೆ ಹೋದರು.

ಇವರ ಲೆಕ್ಕದಲ್ಲಿ ಒಂದು ಬಟ್ಟೆ ಎಂದರೆ ಒಂದು ಟವಲು, ಹೆಚ್ಚೆಂದರೆ ಒಂದು ಕುಪ್ಪಸದ ಕಣ. ಆದರೆ ಮದುವೆಗೆ ಬಂದ ಹೆಂಗಸರು ಮೊದಲು ಟವಲು ಮುಟ್ಟುತ್ತಾರೆಯೇ? ಶುಭ ಕಾರ್ಯಕ್ಕೆ ಮೊದಲು ಧಾರೆ ಸೀರೆಯೇ ಆಗಬೇಕು ಎಂದು ಕೂತುಬಿಟ್ಟರು. ಅಲ್ಲಿ ಒಂದು ಸೀರೆ ಒಪ್ಪಿಗೆಯಾಯಿತು, ಅರಿಶಿನ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟರು. ಪಕ್ಕದ ಯಜಮಾನರು ಮಾತಿಗೆ ತಪ್ಪಿದವರಲ್ಲ, ನನ್ನ ಬೋಣಿ ಆಯಿತು, ಇನ್ನು ಅಲ್ಲಿಗೆ ಹೋಗಿ ಎಂದು ಹೇಳಿದರು. ಗೋಡೆಯಾಚೆಯಿಂದ ಹಿರಿಯರ ದನಿ ನನಗೆ ಚೆನ್ನಾಗಿ ಕೇಳಿಸಿತು.

"ಧಾರೆ ಸೀರೆ ಇಲ್ಲೇ ಆತು. ಇನ್ನು ಎದ್ದು ಹೋಗಾಂಗಿಲ್ಲ ಸ್ವಾಮಿ. ಮದುವೆ ಜವಳೀನ ಎರಡು ಅಂಗಡೀಲಿ ಮುರೀಬಾರದು."

ಪಕ್ಕದ ಯಜಮಾನರು ನಮ್ಮ ಬಾಗಿಲಿಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು. ಜವಳಿಗೆ ಬಂದವರನ್ನು ಎಬ್ಬಿಸಬೇಡಿ, ಮದುವೆ ಮನೆಯವರು, ಮನಸ್ಸಿಗೆ ಕೆಟ್ಟದ್ದನ್ನು ಹಚ್ಚಿಕೊಳ್ಳುತ್ತಾರೆ ಎಂದು ಇವರೇ ಸಮಾಧಾನ ಹೇಳಿದರು. ಅಷ್ಟು ಜನರಿಗೆ ಒಬ್ಬರೇ ಬಟ್ಟೆ ಬಿಚ್ಚಿ ತೋರಿಸುವುದು ಹೇಗೆ? ಇವರು ಗಜಕೋಲು ತೆಗೆದುಕೊಂಡು ಹಿಂದೆಯೇ ಹೋದರು. ಮಧ್ಯಾಹ್ನದವರೆಗೆ ಪಕ್ಕದ ಅಂಗಡಿಯಲ್ಲಿ ನಿಂತುಕೊಂಡು ಬಟ್ಟೆ ಅಳೆದು ಮಡಚಿ ಕೊಟ್ಟರು. ನಮ್ಮ ಗಾದಿ ಖಾಲಿ ಇತ್ತು. ಬಿಸಿಲಿಗೆ ಹಾಕಿ ಇಟ್ಟಿದ್ದ ಸೀರೆಗಳು ಬೀರುವಿನಲ್ಲಿ ಇದ್ದಲ್ಲೇ ಇದ್ದವು. ನಾನು ಒಲೆಯ ಮುಂದೆ ಕೂತು ಅತ್ತೆ, ಹೊಗೆಯೆಂದು ಹೇಳಲು ಅಲ್ಲಿ ಯಾರೂ ಕೇಳುವವರಿರಲಿಲ್ಲ.

ಸಂಜೆ ಬಾವಿಯ ಹತ್ತಿರ ಅಕ್ಕ ಬಂದಳು. ನನ್ನ ಮುಖ ನೋಡಲಾರದೆ ಕೊಡದ ಬಾಯಿಯನ್ನೇ ಹುಣಿಸೆಹಣ್ಣಿನಿಂದ ಉಜ್ಜುತ್ತಾ ಕೂತಳು. ತಾನು ಕಳಿಸಿದ ಟವಲು ತನ್ನ ಮನೆಗೆ ಅನ್ನವಾಗಿ ಬಂದಿತ್ತು, ಅದಕ್ಕೆ ಅವಳು ಸಂತೋಷಪಡುವ ಹಾಗೂ ಇರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಕೊಡ ತುಂಬಿತು, ಇಬ್ಬರೂ ಒಳಗೆ ಹೋದೆವು. ಮಾರನೆಯ ದಿನ ಅವರ ಸರದಿ. ಹೂವಿನ ಮುದುಕಿಗೆ ಕಾಸು ಕೊಟ್ಟು ಕಳಿಸಿದೆ.

ಯುಗಾದಿಯವರೆಗೆ ಇನ್ನೊಂದು ಗಾಡಿ ಬರಲಿಲ್ಲ. ಬೇವು ಬೆಲ್ಲ ತಿಂದು ಗಂಟು ಕಟ್ಟತೊಡಗಿದೆವು. ರಾಗಿ ಪೆಟ್ಟಿಗೆ ಸರಿಸುವಾಗ ನಾನು ಅಡ್ಡ ನಿಲ್ಲಬೇಕೆಂದಿದ್ದೆ, ಇವರೇ ಮೊದಲು ಕೈ ಹಾಕಿದರು. ಹಿಂದೆ ಟವಲಿನ ರಾಶಿ. ಇವರು ಒಂದನ್ನು ತೆಗೆದು ಅಂಚು ನೋಡಿ ಹಾಗೆಯೇ ನೆಲದ ಮೇಲೆ ಕೂತರು. ಒಂದೊಂದಾಗಿ ಬಿಚ್ಚಿ ಸರಿಯಾಗಿ ಮಡಚಿ ಇಡತೊಡಗಿದರು. ನಮ್ಮವೂ ಅವರ ಮನೆಯಲ್ಲಿ ಇಷ್ಟೇ ಇರುತ್ತವೆ ಅಲ್ಲವೇ ಎಂದು ಕೇಳಿದರು. ನಿಮಗೆ ಗೊತ್ತಿತ್ತೇ ಎಂದೆ. ಗೊತ್ತಿತ್ತು, ಆ ಮುದುಕಿ ಬಂದ ಮೊದಲ ವಾರವೇ ಗೊತ್ತಾಗಿತ್ತು ಎಂದರು.

ನನಗೆ ತಡೆಯಲಾಗಲಿಲ್ಲ. ಗೊತ್ತಿದ್ದರೆ ಆ ದಿನ ಜವಳಿಯವರನ್ನು ಯಾಕೆ ಕಳಿಸಿದಿರಿ ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ.

"ಪಕ್ಕದ ಆಯಮ್ಮ ತನ್ನ ಗಂಡನ್ನ ಉಪವಾಸ ಇಟ್ಟುಕೊಂಡು ನಂಗೆ ಊಟ ಹಾಕಿದ್ದಳು ಕಣೇ. ಅದನ್ನ ಬೋಣಿ ಅಲ್ಲ ಅಂತ ಹೆಂಗೆ ಅನ್ನಲಿ?"

ಮಡಚಿದ ಟವಲುಗಳನ್ನು ನಾನು ಗಂಟಿಗೆ ಸೇರಿಸಿದೆ.

ಬೇಲೂರಿಗೆ ಹೋಗುವ ಬಸ್ಸು ಹಳೇಬೀಡಿನಲ್ಲಿ ನಿಂತಿತು. ಅದು ನನ್ನ ತವರು. ಸುದ್ದಿ ತಿಳಿದು ಅಪ್ಪ ಚೀಲದಲ್ಲಿ ಸೀಬೆಹಣ್ಣು ಹಿಡಿದುಕೊಂಡು ಬಸ್ಸಿನ ಹತ್ತಿರ ನಿಂತಿದ್ದರು. ಬಸ್ಸಿನ ಮೇಲೆ ಕಟ್ಟಿದ್ದ ಗಂಟುಗಳನ್ನು ಒಮ್ಮೆ ನೋಡಿ, ಅಳಿಯನನ್ನು ಆರೋಗ್ಯವೇ ಎಂದು ಕೇಳಿ, ಹಣ್ಣು ಕೊಟ್ಟರು. ಇಳಿದು ಎರಡು ದಿನ ಇದ್ದು ಹೋಗು ಎನ್ನಲು ಅವರಿಗೂ ಧೈರ್ಯ ಬರಲಿಲ್ಲ. ಬಸ್ಸು ಬಸ್ತಿಹಳ್ಳಿಯ ಕಡೆಯ ತಿರುವು ದಾಟುವವರೆಗೂ ಇವರು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಭಾವ ಆದರದಿಂದಲೇ ಸೇರಿಸಿಕೊಂಡರು. ನಮ್ಮ ಸರಕನ್ನು ಅಂಗಡಿಯಲ್ಲಿ ಕಾಣುವ ಕಡೆ ಜೋಡಿಸಿಟ್ಟರು. ಇವರು ಗಜಕೋಲು ಹಿಡಿದು ಹಳೆಯ ಜಾಗದಲ್ಲಿ ನಿಂತರು. ಮುಂದೆ ಅಕ್ಕನ ಮನೆಯವರೂ ಹೊಸ ಮಳಿಗೆ ಬಿಟ್ಟರು, ಆ ಮದುವೆ ಜವಳಿಯ ಬಲ ಮುಂದಿನ ದೀಪಾವಳಿಯವರೆಗೆ ಬಂತಂತೆ. ಇಡೀ ಕಟ್ಟಡ ಕೊಬ್ಬರಿಯ ಉಗ್ರಾಣವಾಯಿತು.

ಒಂದೆರಡು ವರ್ಷ ಕಳೆದ ಮೇಲೆ ಅಕ್ಕ ನೆಂಟರ ಜೊತೆ ಬೇಲೂರಿಗೆ ಬಂದಿದ್ದಳು. ಹಿಂದಿನ ದಿನವೇ ಮನೆಗೆ ಬಂದು ನನ್ನನ್ನು ಮಾತಾಡಿಸಿದ್ದಳು. ಬೆಳಿಗ್ಗೆ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೊರಟಾಗ, ಮೊದಲು ಅಂಗಡಿಗೆ ಹೋಗೋಣ ಬಾ ಎಂದಳು. ಆಗಷ್ಟೇ ಬಾಗಿಲು ತೆಗೆದು ನೀರು ಚಿಮುಕಿಸಿದ್ದರು, ಬೋಣಿ ಇನ್ನೂ ಆಗಿರಲಿಲ್ಲ. ಭಾವ ಗಾದಿಯ ಮೇಲೆ ಪೆಟ್ಟಿಗೆಯ ಮುಂದೆ ಕೂತಿದ್ದರು. ಅಕ್ಕ ಅವರ ಕಡೆ ನೋಡದೆ ಇವರ ಮುಂದೆ ಹೋಗಿ ನಿಂತು ಒಂದು ಟವಲು ಕೊಡಿ ಎಂದಳು. ಇವರು ಅವಳ ಮುಖ ನೋಡಿದರು. ಒಳ್ಳೆಯದೊಂದನ್ನು ಆರಿಸಿ, ಮಡಚಿ, ಕೊಟ್ಟರು. ಅವಳು ಕಾಸನ್ನು ಇವರ ಕೈಯಲ್ಲಿಯೇ ಇಟ್ಟಳು.

ಇವರ ಕೈ ತಾನಾಗಿಯೇ ಕಣ್ಣಿನ ಹತ್ತಿರ ಹೋಯಿತು. ಅಲ್ಲಿಯೇ ನಿಂತಿತು. ಆಮೇಲೆ ಇವರು ಬಗ್ಗಿ ಆ ಕಾಸನ್ನು ಅಣ್ಣನ ಕೈಗೆ ಕೊಟ್ಟರು. ಭಾವ ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದರು.